ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಪೆನ್ ಸ್ಟೇಟ್ ಫುಟ್‌ಬಾಲ್ ಪ್ರಕರಣ

2012ರ ಸೆಪ್ಟೆಂಬರ್ 8. ಅಮೆರಿಕದ ವರ್ಜೀನಿಯಾ ರಾಜ್ಯದ ಷಾರ್ಲಟ್ಸ್‌ವಿಲ್ ಊರು. ಅಮೆರಿಕನ್ ಶೈಲಿಯ ಕಾಲೇಜು ಫುಟ್‌ಬಾಲ್ ಪಂದ್ಯ ಮುಗಿಯುವುದಕ್ಕೆ ಇನ್ನೊಂದೇ ಒದೆತ ಬಾಕಿ. ಪೆನ್ಸಿಲ್ವೇನಿಯಾ ರಾಜ್ಯದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಒಂದೇ ಒಂದು ಅಂಕ ಹಿಂದಿದೆ, 17-16. 42 ಗಜ ದೂರದಿಂದ ಚೆಂಡನ್ನು ಎರಡು ಕಂಬಗಳ ನಡುವೆ ಹಾಯಿಸಿದರೆ ಮೂರು ಅಂಕ, ಗೆಲುವು. ಒದೆಯಬೇಕಾದವನು ಸ್ಯಾಮ್ ಫಿಕನ್, ಎರಡನೇ ವರ್ಷದ ವಿದ್ಯಾರ್ಥಿ. ಅವತ್ತು ಆಗಲೇ ಮೂರು ಒದೆತ ತಪ್ಪಿದ್ದವು. ನಾಲ್ಕನೆಯದೂ ತಪ್ಪಿತು.

ಅಸಲಿಗೆ ಅವನು ಆ ಜಾಗದಲ್ಲಿ ಇರಬೇಕಾದವನೇ ಅಲ್ಲ. ತಂಡದ ಮುಖ್ಯ ಕಿಕ್ಕರ್ ಬೇರೊಬ್ಬ ಇದ್ದ. ಒಂದೂವರೆ ತಿಂಗಳ ಹಿಂದೆ ತಂಡಕ್ಕೆ ದೊಡ್ಡ ಶಿಕ್ಷೆ ಬಿತ್ತು. ಬೇಕಾದವರು ಯಾವ ತೊಡಕೂ ಇಲ್ಲದೆ ಬೇರೆ ಕಾಲೇಜಿಗೆ ಹೋಗಬಹುದು ಎಂದು ಆ ಶಿಕ್ಷೆಯ ಜೊತೆಗೇ ಬಾಗಿಲು ತೆರೆದರು. ಆ ಕಿಕ್ಕರ್ ಟೆಕ್ಸಸ್ ಕಡೆಯವನು, ತನ್ನ ರಾಜ್ಯದ ಕಾಲೇಜಿಗೆ ಹೊರಟುಹೋದ. ಉಳಿದವನು ಫಿಕನ್. ಶಿಕ್ಷೆಗೆ ಕಾರಣ ತಂಡದ ಹಳೆಯ ಸಹಾಯಕ ಕೋಚ್ ಒಬ್ಬ ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯ, ಅದನ್ನು ವಿಶ್ವವಿದ್ಯಾಲಯದ ದೊಡ್ಡವರು ಮುಚ್ಚಿಟ್ಟದ್ದು. ಅದರ ಮೊದಲ ದೂರು ಬಂದದ್ದು 1998ರಲ್ಲಿ. ಆಗ ಇವನಿಗೆ ಐದು ವರ್ಷ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತ ನಮ್ಮಲ್ಲಿ ಸುಮ್ನೆ ಹೇಳುವುದಿಲ್ಲ. ಈ ಪ್ರಕರಣ ಓದಲು ಕೂತಾಗ ನನಗೆ ಮೊದಲು ನೆನಪಾದದ್ದು ಅದೇ ಗಾದೆ. ಆದರೆ ಓದುತ್ತಾ ಹೋದ ಹಾಗೆ ಗಾದೆ ಪೂರ್ತಿ ಹೊಂದುವುದಿಲ್ಲ ಅನ್ನಿಸಿತು. ಯಾಕೆಂದರೆ ಇಲ್ಲಿ ಎತ್ತಿನ ಜ್ವರವನ್ನು ಮುಚ್ಚಿಟ್ಟದ್ದೇ ಎಮ್ಮೆಯ ಹಾಲಿಗಾಗಿ.

ಊರಿಗಿಂತ ದೊಡ್ಡ ಮೈದಾನ

ನಮ್ಮಲ್ಲಿ ಕಾಲೇಜು ಕ್ರೀಡೆ ಅಂದರೆ ಒಬ್ಬರು ಪಿ.ಟಿ. ಮೇಷ್ಟ್ರು, ಅವರ ಕೊರಳಲ್ಲೊಂದು ಸೀಟಿ, ಪಂದ್ಯಕ್ಕೆ ಹೋದವರಿಗೆ ಹಾಜರಾತಿಯಲ್ಲಿ ಒಂದಿಷ್ಟು ರಿಯಾಯಿತಿ. ಆ ಚಿತ್ರ ಇಟ್ಟುಕೊಂಡು ಇದನ್ನು ಓದಿದರೆ ಏನೂ ಅರ್ಥ ಆಗುವುದಿಲ್ಲ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಅತಿ ಹೆಚ್ಚು ಸಂಬಳ ರಾಜ್ಯಪಾಲರದ್ದಲ್ಲ. ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್‌ದು.

ಪೆನ್ಸಿಲ್ವೇನಿಯಾ ರಾಜ್ಯದ ನಡುಮಧ್ಯೆ ಸ್ಟೇಟ್ ಕಾಲೇಜ್ ಅಂತ ಒಂದು ಊರು. ಊರಿನ ಹೆಸರೇ ಹಾಗೆ. ಜನಸಂಖ್ಯೆ ಸುಮಾರು 42 ಸಾವಿರ. ಪಕ್ಕದಲ್ಲೇ ವಿಶ್ವವಿದ್ಯಾಲಯದ ಬೀವರ್ ಸ್ಟೇಡಿಯಂ. ಅದರಲ್ಲಿ 1,06,572 ಜನ ಕೂರಬಹುದಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಎರಡೂವರೆ ಪಟ್ಟಿಗೂ ಜಾಸ್ತಿ. ಶನಿವಾರ ಪಂದ್ಯ ಇದ್ದರೆ ಊರಿಗಿಂತ ಮೈದಾನದಲ್ಲೇ ಜನ ಹೆಚ್ಚು. ಹೋಟೆಲು, ಅಂಗಡಿ, ಬಾಡಿಗೆ ಮನೆ, ಪಾರ್ಕಿಂಗ್ ಜಾಗ, ಎಲ್ಲದರ ವರ್ಷದ ಲೆಕ್ಕಾಚಾರ ಆ ಕೆಲವು ಶನಿವಾರಗಳ ಮೇಲೆ. ಜನ ಆ ಜಾಗವನ್ನು ಪ್ರೀತಿಯಿಂದ 'ಹ್ಯಾಪಿ ವ್ಯಾಲಿ' ಅನ್ನುತ್ತಾರೆ.

ಆ ಊರಿನ ದೇವರು ಜೋ ಪಟರ್ನೊ. 1950ರಲ್ಲಿ ಸಹಾಯಕ ಕೋಚ್ ಆಗಿ ಬಂದವರು, 1966ರಿಂದ ಮುಖ್ಯ ಕೋಚ್. 46 ಋತು, 409 ಗೆಲುವು, ಎರಡು ರಾಷ್ಟ್ರೀಯ ಪ್ರಶಸ್ತಿ. ಆದರೆ ಗೆಲುವಿಗಿಂತ ದೊಡ್ಡದು ಅವರ ಹೆಸರು. ಹುಡುಗರು ತರಗತಿಗೆ ಹೋಗಬೇಕು, ಓದಬೇಕು, ಪದವಿ ಮುಗಿಸಬೇಕು ಎಂದು ಹಟ ಹಿಡಿದವರು. ವಿಶ್ವವಿದ್ಯಾಲಯಕ್ಕೆ ಲಕ್ಷಾಂತರ ಡಾಲರ್ ದಾನ ಕೊಟ್ಟಿದ್ದರು. ಕ್ಯಾಂಪಸ್ಸಿನ ಲೈಬ್ರರಿಗೆ ಅವರ ಹೆಸರಿತ್ತು. ಆಟಗಾರರ ಅಂಗಿಯ ಬೆನ್ನ ಮೇಲೆ ಹೆಸರು ಹಾಕಿಸುತ್ತಿರಲಿಲ್ಲ, ಬರೀ ಸಂಖ್ಯೆ. ತಂಡ ಮುಖ್ಯ, ವ್ಯಕ್ತಿ ಅಲ್ಲ ಅನ್ನುವುದು ಅವರ ಮಾತು. ಅದೇ ಊರು 2001ರಲ್ಲಿ ಸ್ಟೇಡಿಯಂ ಹೊರಗೆ ಅವರದ್ದೇ ಕಂಚಿನ ಮೂರ್ತಿ ನಿಲ್ಲಿಸಿತು. ಬದುಕಿರುವಾಗಲೇ.

ಅವರ ಕೈಕೆಳಗೆ ಮೂರು ದಶಕ ಕೆಲಸ ಮಾಡಿದ ಸಹಾಯಕ ಕೋಚ್ ಜೆರ್ರಿ ಸ್ಯಾಂಡಸ್ಕಿ. ರಕ್ಷಣಾ ಆಟದ ಜಾಣ. 1977ರಲ್ಲಿ 'ಸೆಕೆಂಡ್ ಮೈಲ್' ಅಂತ ಒಂದು ಸೇವಾ ಸಂಸ್ಥೆ ಕಟ್ಟಿದ. ತಂದೆ ಇಲ್ಲದ, ಮನೆಯಲ್ಲಿ ಕಷ್ಟ ಇರುವ ಮಕ್ಕಳಿಗೆ ಆಸರೆ ಅಂತ. ಅವನು ಬಲಿಗಳನ್ನು ಆರಿಸಿಕೊಂಡದ್ದೂ ಆ ಮಕ್ಕಳ ನಡುವಿನಿಂದಲೇ. ಪಂದ್ಯದ ಟಿಕೆಟ್, ತಂಡದ ಜಿಮ್, ಆಟಗಾರರ ಬಟ್ಟೆ ಬದಲಿಸುವ ಕೋಣೆ, ಇವೆಲ್ಲ ಆ ಮಕ್ಕಳಿಗೆ ಸ್ವರ್ಗ ಕಂಡ ಹಾಗೆ. ಅವನಿಗೆ ಅವು ಬಲೆ. ಫುಟ್‌ಬಾಲ್ ತಂಡ ಹೊರಗಿನ ವಿಷಯ, ಅಪರಾಧ ಬೇರೆ ಅನ್ನುವವರು ಈ ಒಂದು ಸಂಗತಿಯನ್ನು ಮರೆಯುತ್ತಾರೆ.

ಕಾಗದ ಮೇಲೆ ಮೇಲೆ ಹೋಯಿತು

1998ರಲ್ಲಿ ಒಬ್ಬ ತಾಯಿ ದೂರು ಕೊಟ್ಟಳು. ಸ್ಯಾಂಡಸ್ಕಿ ತನ್ನ ಮಗನ ಜೊತೆ ತಂಡದ ಕಟ್ಟಡದಲ್ಲಿ ಸ್ನಾನ ಮಾಡಿದ್ದಾನೆ ಎಂದು. ವಿಶ್ವವಿದ್ಯಾಲಯದ ಪೊಲೀಸರು ತನಿಖೆ ಮಾಡಿದರು. ಜಿಲ್ಲಾ ಸರ್ಕಾರಿ ವಕೀಲರು ಮೊಕದ್ದಮೆ ಹೂಡಲಿಲ್ಲ. ಫೈಲು ಮುಚ್ಚಿತು. ಮರುವರ್ಷ ಸ್ಯಾಂಡಸ್ಕಿ ನಿವೃತ್ತನಾದ. ಆದರೆ ಕೈಯಲ್ಲಿ ಕಟ್ಟಡದ ಕೀಲಿ ಉಳಿಯಿತು, ಕ್ಯಾಂಪಸ್ಸಿನಲ್ಲಿ ಒಂದು ಕೋಣೆಯೂ.

2000ದಲ್ಲಿ ರಾತ್ರಿ ಪಾಳಿಯ ಕಸಗುಡಿಸುವ ಕೆಲಸಗಾರನೊಬ್ಬ ಅದೇ ಕಟ್ಟಡದಲ್ಲಿ ಸ್ಯಾಂಡಸ್ಕಿ ಹುಡುಗನೊಬ್ಬನ ಮೇಲೆ ದೌರ್ಜನ್ಯ ನಡೆಸುವುದನ್ನು ಕಣ್ಣಾರೆ ಕಂಡ. ಜೊತೆಯವರಿಗೆ ಹೇಳಿದ. ಯಾರೂ ಮೇಲಕ್ಕೆ ತಿಳಿಸಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ ಎಂಬ ಭಯ. ಪಟರ್ನೊ ಅವರ ತಂಡದ ವಿರುದ್ಧ ಮಾತಾಡುವುದು ಅಂದರೆ ಅಮೆರಿಕದ ಅಧ್ಯಕ್ಷರ ವಿರುದ್ಧ ಹೋದ ಹಾಗೆ ಅಂತ ಅವರಲ್ಲೊಬ್ಬ ಮುಂದೆ ತನಿಖೆಯವರಿಗೆ ಹೇಳಿದ. ಇಡೀ ಪ್ರಕರಣದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ಈ ಕಸಗುಡಿಸುವವರು. ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ಪೊರಕೆ ಹಿಡಿದವನಿಗೂ ಗೊತ್ತಿತ್ತು, ಆ ಊರಲ್ಲಿ ಯಾರ ಮಾತಿಗೆ ಎಷ್ಟು ತೂಕ ಅಂತ.

2001ರ ಫೆಬ್ರವರಿಯ ಒಂದು ಶುಕ್ರವಾರ ರಾತ್ರಿ ಮೈಕ್ ಮೆಕ್ವಿಯರಿ ಇಂಥದ್ದನ್ನೇ ಕಂಡ. ಹಿಂದೆ ತಂಡದಲ್ಲಿ ಆಡಿದವನು, ಆಗ ಕಿರಿಯ ಸಹಾಯಕ. ಮರುದಿನ ಬೆಳಗ್ಗೆ ಪಟರ್ನೊ ಮನೆಗೆ ಹೋಗಿ ಹೇಳಿದ. ಪಟರ್ನೊ ಕ್ರೀಡಾ ನಿರ್ದೇಶಕ ಟಿಮ್ ಕರ್ಲಿಗೆ ತಿಳಿಸಿದರು. ಕರ್ಲಿ, ಉಪಾಧ್ಯಕ್ಷ ಗ್ಯಾರಿ ಶುಲ್ಟ್ಸ್, ಅಧ್ಯಕ್ಷ ಗ್ರಹಾಂ ಸ್ಪಾನಿಯರ್ ಮೂವರೂ ಮಾತಾಡಿಕೊಂಡರು. ಮೊದಲು ರಾಜ್ಯದ ಮಕ್ಕಳ ಕಲ್ಯಾಣ ಇಲಾಖೆಗೆ ತಿಳಿಸೋಣ ಅಂತಿತ್ತು. ಆಮೇಲೆ ಕರ್ಲಿ ಒಂದು ಇಮೇಲ್ ಬರೆದರು: ಇನ್ನಷ್ಟು ಯೋಚಿಸಿದೆ, ಜೋ ಜೊತೆಗೂ ಮಾತಾಡಿದೆ, ಮೊದಲು ಸ್ಯಾಂಡಸ್ಕಿ ಜೊತೆಯೇ ಮಾತಾಡುವುದು ಒಳ್ಳೆಯದು ಅನ್ನಿಸುತ್ತಿದೆ. ಅಧ್ಯಕ್ಷರು ಒಪ್ಪಿದರು. ಅವನು ನಮ್ಮ ಮಾತು ಕೇಳದೆ ಹೋದರೆ, ನಾವು ವರದಿ ಮಾಡಲಿಲ್ಲ ಅನ್ನುವುದು ಮುಂದೆ ನಮಗೇ ತಿರುಗಬಹುದು, ಅದೊಂದೇ ಅಪಾಯ ಎಂದು ಉತ್ತರಿಸಿದರು.

ಆ ಸಾಲನ್ನು ಎರಡು ಸಲ ಓದಿ. ಅಪಾಯ ಯಾರಿಗೆ? 'ನಮಗೆ.' ಆ ಹುಡುಗ ಯಾರು, ಈಗ ಎಲ್ಲಿದ್ದಾನೆ ಎಂದು ಯಾರೂ ಹುಡುಕಲಿಲ್ಲ. ಸ್ಯಾಂಡಸ್ಕಿಗೆ, ಇನ್ನು ಮಕ್ಕಳನ್ನು ಕ್ಯಾಂಪಸ್ಸಿಗೆ ಕರೆತರಬೇಡ ಎಂದರು. ಅಷ್ಟೇ. ಬೇರೆ ಕಡೆ ಕರೆದುಕೊಂಡು ಹೋಗುವುದಕ್ಕೆ ಯಾರ ಅಡ್ಡಿ?

ಹತ್ತು ವರ್ಷ ಹಾಗೇ ಕಳೆಯಿತು. 2008ರಲ್ಲಿ ಹೈಸ್ಕೂಲು ಹುಡುಗನೊಬ್ಬ ಬಾಯಿಬಿಟ್ಟ ಮೇಲೆ ತನಿಖೆ ಶುರುವಾಗಿ, 2011ರ ನವೆಂಬರ್ 5ರಂದು ಸ್ಯಾಂಡಸ್ಕಿಯ ಬಂಧನವಾಯಿತು. 2012ರ ಜೂನ್ 22ರಂದು ಜ್ಯೂರಿ 48 ಆರೋಪಗಳಲ್ಲಿ 45ರಲ್ಲಿ ಅವನು ತಪ್ಪಿತಸ್ಥ ಎಂದಿತು. ಮೊಕದ್ದಮೆಯಲ್ಲಿದ್ದದ್ದು ಹತ್ತು ಹುಡುಗರು, 15 ವರ್ಷದ ಅವಧಿ. ಶಿಕ್ಷೆ 30ರಿಂದ 60 ವರ್ಷ.

ಬಂಧನದ ನಾಲ್ಕನೇ ದಿನ, ನವೆಂಬರ್ 9ರ ರಾತ್ರಿ, ಆಡಳಿತ ಮಂಡಳಿ 84 ವರ್ಷದ ಪಟರ್ನೊ ಅವರನ್ನು ಫೋನಿನಲ್ಲೇ ಕೆಲಸದಿಂದ ತೆಗೆಯಿತು. ಹಿಂದಿರುಗಿ ನೋಡಿದರೆ ಇನ್ನೂ ಹೆಚ್ಚು ಮಾಡಬೇಕಿತ್ತು ಅನ್ನಿಸುತ್ತಿದೆ ಎಂದು ಅವರು ಅವತ್ತು ಬೆಳಗ್ಗೆಯಷ್ಟೇ ಹೇಳಿಕೆ ಕೊಟ್ಟಿದ್ದರು. ಅವರ ಮೇಲೆ ಯಾವ ಕ್ರಿಮಿನಲ್ ಆರೋಪವೂ ಬರಲಿಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಅವರಿಗೆ ಎಷ್ಟು ಗೊತ್ತಿತ್ತು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಎರಡು ತಿಂಗಳಲ್ಲಿ, 2012ರ ಜನವರಿ 22ರಂದು, ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೆಲಸದಿಂದ ತೆಗೆದ ರಾತ್ರಿ ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದರು. ಟಿವಿ ವಾಹಿನಿಯ ವ್ಯಾನೊಂದನ್ನು ಉರುಳಿಸಿದರು. ಕೋಚ್‌ಗಾಗಿ. ಎರಡು ರಾತ್ರಿ ಕಳೆದ ಮೇಲೆ ಅದೇ ಕ್ಯಾಂಪಸ್ಸಿನಲ್ಲಿ ಸಾವಿರಾರು ಜನ ಮೇಣದಬತ್ತಿ ಹಿಡಿದು ನಿಂತದ್ದೂ ನಿಜ. ಅದು ಆ ಮಕ್ಕಳಿಗಾಗಿ.

ಬರೆ ಬಿದ್ದದ್ದು ಹೀಗೆ

ವಿಶ್ವವಿದ್ಯಾಲಯ ತಾನೇ ಒಂದು ತನಿಖೆ ಮಾಡಿಸಿತು. ಎಫ್‌ಬಿಐನ ಮಾಜಿ ನಿರ್ದೇಶಕ ಲೂಯಿ ಫ್ರೀ ಮುಖ್ಯಸ್ಥರು. 2012ರ ಜುಲೈ 12ರಂದು 267 ಪುಟದ ವರದಿ ಬಂತು. ಪಟರ್ನೊ ಸೇರಿದಂತೆ ನಾಲ್ವರು ದೊಡ್ಡವರು ಕೆಟ್ಟ ಹೆಸರಿಗೆ ಹೆದರಿ ವಿಷಯ ಮುಚ್ಚಿಟ್ಟರು ಎಂದು ಅದು ಹೇಳಿತು. ಪಟರ್ನೊ ಕುಟುಂಬ ಇದನ್ನು ಒಪ್ಪಲಿಲ್ಲ, ಮುಂದೆ ತಮ್ಮದೇ ತಜ್ಞರಿಂದ ಉತ್ತರ ಬರೆಸಿದರು. ಜುಲೈ 22ರ ಬೆಳಗ್ಗೆ ಮೂರ್ತಿ ಎತ್ತಿಕೊಂಡು ಹೋದರು. ಮರುದಿನವೇ ಕಾಲೇಜು ಕ್ರೀಡೆಯನ್ನು ಆಳುವ ಸಂಸ್ಥೆ ಎನ್‌ಸಿಎಎ ತಂಡಕ್ಕೆ ಶಿಕ್ಷೆ ಪ್ರಕಟಿಸಿತು.

ದಂಡ 6 ಕೋಟಿ ಡಾಲರ್. ತಂಡದ ಒಂದು ವರ್ಷದ ಒಟ್ಟು ಆದಾಯ ಹತ್ತಿರ ಹತ್ತಿರ ಅಷ್ಟು ಎಂಬ ಲೆಕ್ಕ. ನಾಲ್ಕು ವರ್ಷ ಋತು ಮುಗಿದ ಮೇಲಿನ ದೊಡ್ಡ ಪಂದ್ಯಗಳಿಗೆ, ಅಂದರೆ ಬೌಲ್ ಪಂದ್ಯಗಳಿಗೆ, ಪ್ರವೇಶ ಇಲ್ಲ. ಸ್ಕಾಲರ್‌ಶಿಪ್ ಮೇಲೆ ಆಡುವವರ ಸಂಖ್ಯೆ 85ರಿಂದ 65ಕ್ಕೆ ಇಳಿಯಬೇಕು. ಐದು ವರ್ಷ ನಿಗಾ. 1998ರಿಂದ 2011ರವರೆಗಿನ 112 ಗೆಲುವುಗಳನ್ನು ದಾಖಲೆಯಿಂದ ಅಳಿಸಬೇಕು. ಅದರಲ್ಲಿ 111 ಪಟರ್ನೊ ಅವರವು. ಹಾಗಾಗಿ ಅವರ 409 ಗೆಲುವು 298ಕ್ಕೆ ಬಂತು.

ಎನ್‌ಸಿಎಎ ಆಗ ಸಾಮಾನ್ಯವಾಗಿ ಹಿಡಿಯುತ್ತಿದ್ದದ್ದು ಬೇರೆ ಥರದ ಕಳ್ಳತನ. ಆಟಗಾರರಿಗೆ ಗುಟ್ಟಾಗಿ ದುಡ್ಡು ಕೊಡುವುದು, ಪರೀಕ್ಷೆಯಲ್ಲಿ ಮೋಸ, ಈ ಥರದ್ದು. ಅದರ ಅತಿ ದೊಡ್ಡ ಶಿಕ್ಷೆಗೆ ಜನ ಇಟ್ಟ ಹೆಸರು 'ಮರಣದಂಡನೆ'. ಟೆಕ್ಸಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯಕ್ಕೆ 1987ರಲ್ಲಿ ಅದು ಬಿತ್ತು. ಆ ವರ್ಷದ ಆಟವೇ ರದ್ದು. ಮರುವರ್ಷ ಅವರಿಗೆ ತಂಡ ಕಟ್ಟುವುದಕ್ಕೇ ಆಗಲಿಲ್ಲ. ಮತ್ತೊಂದು ಬೌಲ್ ಪಂದ್ಯ ಆಡಲು 2009 ಬರಬೇಕಾಯಿತು. ಪೆನ್ ಸ್ಟೇಟ್ ಮುಂದೆ ಆ ಕತ್ತಿ ತೂಗಾಡುತ್ತಿತ್ತು. ಹಾಗಾಗಿ ಹೊಸ ಅಧ್ಯಕ್ಷ ರಾಡ್ನಿ ಎರಿಕ್ಸನ್ ವಾದ ಮಾಡದೆ ಒಪ್ಪಂದಕ್ಕೆ ಸಹಿ ಹಾಕಿದರು. ಎನ್‌ಸಿಎಎ ತನ್ನದೇ ತನಿಖೆ ಮಾಡಲಿಲ್ಲ. ವಿಚಾರಣೆ ನಡೆಸಲಿಲ್ಲ. ಫ್ರೀ ವರದಿ ಬಂದ 11ನೇ ದಿನಕ್ಕೆ ತೀರ್ಪು.

ಒಂದೊಂದಾಗಿ ನೋಡೋಣ

ಶಿಕ್ಷೆ ಸರಿಯೋ ತಪ್ಪೋ ಅಂತ ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಅದರಲ್ಲಿ ನಾಲ್ಕೈದು ಬೇರೆ ಬೇರೆ ಬರೆಗಳಿವೆ. ಯಾವ ಬರೆ ಯಾರ ಮೈ ಮೇಲೆ ಬಿತ್ತು ಅಂತ ನೋಡಬೇಕು.

ಗೆಲುವು ಅಳಿಸಿದ್ದು ನನಗೆ ಶುದ್ಧ ನಾಟಕ ಅನ್ನಿಸುತ್ತದೆ. ಆ ಪಂದ್ಯಗಳನ್ನು ಲಕ್ಷ ಜನ ಕೂತು ನೋಡಿದ್ದಾರೆ. ಮೋಸ ಮಾಡಿ ಗೆದ್ದದ್ದಲ್ಲ. ಸತ್ತುಹೋದ ಒಬ್ಬರ ಹೆಸರಿನ ಮುಂದಿನ ಅಂಕಿಯನ್ನು ತಿದ್ದಿದರೆ ಯಾವ ಮಗುವಿಗೆ ಏನು ಸಿಕ್ಕಿತು? ಕೆಟ್ಟದ್ದೇನೆಂದರೆ ಮುಂದಿನ ಎರಡು ವರ್ಷ ಇಡೀ ರಾಜ್ಯದ ಮಾತುಕತೆ ಆ ಅಂಕಿಯ ಸುತ್ತಲೇ ಸುತ್ತಿತು. 409 ಎಂದು ಬರೆದ ಅಂಗಿಗಳು, ಫಲಕಗಳು. ಮಕ್ಕಳ ವಿಷಯ ಬದಿಗೆ ಸರಿಯಿತು.

ಬೌಲ್ ನಿಷೇಧ ಬಿದ್ದದ್ದು ನೇರ ಹುಡುಗರ ಮೇಲೆ. ಕಾಲೇಜು ಆಟಗಾರನಿಗೆ ಇರುವುದು ನಾಲ್ಕು ಋತು. ನಿಷೇಧವೂ ನಾಲ್ಕು ವರ್ಷ. ಅಂದರೆ 2012ರಲ್ಲಿ ಸೇರಿದವನಿಗೆ ಇಡೀ ಕಾಲೇಜು ಬದುಕಿನಲ್ಲಿ ಒಂದೂ ದೊಡ್ಡ ಪಂದ್ಯ ಇಲ್ಲ. ಬೇಡವಾದರೆ ಬಿಟ್ಟು ಹೋಗಲಿ, ದಾರಿ ತೆರೆದಿದೆಯಲ್ಲ ಅಂತ ಎನ್‌ಸಿಎಎ ವಾದ. ಮಾತು ಸುಲಭ. ಜುಲೈ ಕೊನೆಯಲ್ಲಿ, ತರಗತಿ ಶುರುವಾಗಲು ತಿಂಗಳಿರುವಾಗ, ಕಾಲೇಜು, ಗೆಳೆಯರು, ಓದು ಎಲ್ಲ ಬಿಟ್ಟು ಇನ್ನೊಂದು ರಾಜ್ಯಕ್ಕೆ ಹೋಗು ಅಂದರೆ? ಕೆಲವರು ಹೋದರು. ಚೆಂಡು ಹಿಡಿದು ಓಡುವ ತಂಡದ ಮುಖ್ಯ ಆಟಗಾರ ಕ್ಯಾಲಿಫೋರ್ನಿಯಾದ ಕಾಲೇಜು ಸೇರಿದ. ಕೊನೆಯ ವರ್ಷದ ಇಬ್ಬರು, ಮೈಕಲ್ ಮೌಟಿ ಮತ್ತು ಮೈಕಲ್ ಜೋರ್ಡಿಚ್, ಜೊತೆಯವರನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಕ್ಯಾಮೆರಾ ಮುಂದೆ ಬಂದರು. ನಾವು ಎಲ್ಲೂ ಹೋಗುವುದಿಲ್ಲ ಅಂದರು. ಹೊಸ ಕೋಚ್ ಬಿಲ್ ಒಬ್ರಯನ್ ಆ ವರ್ಷ ಮೊದಲ ಸಲ ಅಂಗಿಯ ಬೆನ್ನಿಗೆ ಹೆಸರು ಹೊಲಿಸಿದರು. ಉಳಿದವರು ಯಾರು ಅಂತ ಜನಕ್ಕೆ ಗೊತ್ತಾಗಲಿ ಅಂತ.

ಹಣದ ದಂಡದ ಬಗ್ಗೆ ನನಗೆ ತಕರಾರಿಲ್ಲ. ಮುಚ್ಚಿಟ್ಟದ್ದು ಈ ಹಣ ಬರುವ ದಾರಿಗೆ ಕಲ್ಲು ಬೀಳದಿರಲಿ ಅಂತಲೇ. ಹಾಗಾದರೆ ಅದೇ ಹಣ ಹೋಗಲಿ. ಬೇರೆ ಆಟಗಳ ತಂಡಗಳನ್ನು ಮುಚ್ಚಿ ದಂಡ ಕಟ್ಟುವ ಹಾಗಿಲ್ಲ ಎಂಬ ಷರತ್ತೂ ಇತ್ತು. ವರ್ಷಕ್ಕೆ 1.2 ಕೋಟಿಯಂತೆ ಐದು ವರ್ಷ. ಎಮ್ಮೆಗೆ ಬರೆ ಎಳೆಯುವುದು ಬೇರೆ, ಎಮ್ಮೆಯ ಹಾಲು ಮಾರಿದ ದುಡ್ಡನ್ನು ಯಜಮಾನನಿಂದ ವಸೂಲು ಮಾಡುವುದು ಬೇರೆ.

ಇಲ್ಲಿ ಒಬ್ಬರು ಎದ್ದು ಕೇಳಬಹುದು. ಬರೀ ದುಡ್ಡು ಕಿತ್ತುಕೊಂಡರೆ ಆ ಊರಿಗೆ ಬಿಸಿ ತಾಗುತ್ತದಾ? ಆಟಕ್ಕೇ ಪೆಟ್ಟು ಬೀಳದಿದ್ದರೆ ಜನ ಕೋಚ್ ಪೂಜೆ ಬಿಡುತ್ತಾರಾ? ಇದು ಗಟ್ಟಿ ವಾದ. ಆ ಕಸಗುಡಿಸುವವರ ಬಾಯಿ ಮುಚ್ಚಿಸಿದ್ದು ಒಬ್ಬ ಅಧಿಕಾರಿಯಲ್ಲ, ಇಡೀ ಊರಿನ ಭಕ್ತಿ. ತಂಡದ ವೈಭವದಲ್ಲಿ ಪಾಲು ತೆಗೆದುಕೊಂಡವರು ಅದರ ಅವಮಾನದಲ್ಲಿ ಪಾಲು ಬೇಡ ಅನ್ನುವುದು ಹೇಗೆ, ಅಲ್ವಾ?

ನಾನೂ ಈ ವಾದದ ಕಡೆ ಒಂದಷ್ಟು ದೂರ ಹೋದೆ. ಆಮೇಲೆ ಒಂದು ಪ್ರಶ್ನೆ ತಡೆಯಿತು. ಇವರು ಮುಚ್ಚಿಟ್ಟದ್ದು ಯಾಕೆ? ಹೊರಗೆ ಬಂದರೆ ತಂಡಕ್ಕೆ ಪೆಟ್ಟು ಅಂತ. ಈಗ ಪೆಟ್ಟನ್ನು ಹತ್ತು ಪಟ್ಟು ಮಾಡಿದರೆ ಮುಂದಿನ ಸಲ ಇನ್ನೊಂದು ಕಾಲೇಜಿನಲ್ಲಿ ಇಂಥದ್ದು ಕಂಡವನು ಏನು ಮಾಡುತ್ತಾನೆ? ಹೇಳಿದರೆ ಜೊತೆಯವರ ಸ್ಕಾಲರ್‌ಶಿಪ್ ಹೋಗುತ್ತದೆ, ಊರಿನ ಹೋಟೆಲು ಮುಚ್ಚುತ್ತದೆ ಅಂತ ಇನ್ನೂ ಜಾಸ್ತಿ ಹೆದರುತ್ತಾನೆ. ಶಿಕ್ಷೆ ಇರಬೇಕಾದ್ದು ಮುಚ್ಚಿಟ್ಟದ್ದಕ್ಕೆ. ತಾನೇ ಮುಂದೆ ಬಂದು ಹೇಳಿದ ಕಾಲೇಜಿಗೂ ಮುಚ್ಚಿಟ್ಟ ಕಾಲೇಜಿಗೂ ದೊಡ್ಡ ವ್ಯತ್ಯಾಸ ಕಾಣಬೇಕು. 2012ರ ಶಿಕ್ಷೆ ಆ ವ್ಯತ್ಯಾಸವನ್ನು ಎಲ್ಲೂ ಬಿಡಿಸಿ ಹೇಳಲಿಲ್ಲ.

ಆ ವ್ಯತ್ಯಾಸ ಹಿಡಿಯುವ ಕಾನೂನು ಅಮೆರಿಕದಲ್ಲಿ ಆಗಲೇ ಇತ್ತು. 1990ರ ಕ್ಲೆರಿ ಕಾಯ್ದೆ. ಕ್ಯಾಂಪಸ್ಸಿನಲ್ಲಿ ನಡೆದ ಅಪರಾಧಗಳನ್ನು ದಾಖಲು ಮಾಡಿ ಜನಕ್ಕೆ ತಿಳಿಸಲೇಬೇಕು ಅನ್ನುತ್ತದೆ. ಅದರಡಿ ಶಿಕ್ಷಣ ಇಲಾಖೆ 2016ರಲ್ಲಿ ಪೆನ್ ಸ್ಟೇಟ್‌ಗೆ ಸುಮಾರು 24 ಲಕ್ಷ ಡಾಲರ್ ದಂಡ ಹಾಕಿತು. ಆ ಕಾಯ್ದೆಯಡಿ ಅಲ್ಲಿಯವರೆಗಿನ ಅತಿ ದೊಡ್ಡ ದಂಡ ಅದೇ. ಆರು ಕೋಟಿಯ ಮುಂದೆ ಚಿಲ್ಲರೆ.

ಗಡಿಬಿಡಿ ತೀರ್ಪು ನಿಲ್ಲಲಿಲ್ಲ

ದಂಡದ ಹಣವನ್ನು ದೇಶದೆಲ್ಲೆಡೆ ಮಕ್ಕಳ ರಕ್ಷಣೆಗೆ ಹಂಚುವುದು ಎನ್‌ಸಿಎಎ ಯೋಚನೆ. ಪೆನ್ಸಿಲ್ವೇನಿಯಾ ರಾಜ್ಯ ಶಾಸನಸಭೆಯ ಸೆನೆಟರ್ ಜೇಕ್ ಕಾರ್ಮನ್, ನಮ್ಮ ರಾಜ್ಯದ ದುಡ್ಡು ನಮ್ಮ ರಾಜ್ಯದಲ್ಲೇ ಖರ್ಚಾಗಲಿ ಎಂದು 2013ರಲ್ಲಿ ಕೋರ್ಟಿಗೆ ಹೋದರು. ಹಣದ ಜಗಳ ಹಣದಲ್ಲೇ ಮುಗಿಯಬೇಕಿತ್ತು. ಆದರೆ ಕೋರ್ಟು, ಹಾಗಾದರೆ ಆ ಒಪ್ಪಂದವೇ ಕಾನೂನಿಗೆ ಸರಿಯಾ ನೋಡೋಣ ಅಂದಿತು. 2014ರ ನವೆಂಬರ್‌ನಲ್ಲಿ ಎನ್‌ಸಿಎಎ ಅಧಿಕಾರಿಗಳ ಹಳೆಯ ಇಮೇಲ್‌ಗಳು ಹೊರಬಿದ್ದವು. ಈ ವಿಷಯದಲ್ಲಿ ನಮಗೆ ಅಧಿಕಾರ ಇದೆ ಅನ್ನುವುದು ಎಳೆದು ತಂದ ವಾದ ಎಂದು ಅವರೇ ಬರೆದುಕೊಂಡಿದ್ದರು. ಇದು ಒಂದು ಥರ ಹೆದರಿಸುವ ಆಟ ಅಂತಲೂ.

ಕೈಯಲ್ಲಿ ಎಲೆ ಇಲ್ಲದೆ ಇಸ್ಪೀಟು ಆಡಿ ಗೆದ್ದಿದ್ದರು. ಆಟ ಬಹಳ ದಿನ ನಡೆಯಲಿಲ್ಲ.

ಅಷ್ಟರಲ್ಲೇ ಬರೆಗಳು ಒಂದೊಂದಾಗಿ ಅಳಿಯತೊಡಗಿದ್ದವು. ನಿಗಾ ಇಡಲು ನೇಮಿಸಿದ್ದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಒಳ್ಳೆಯ ವರದಿ ಕೊಟ್ಟರು ಅಂತ 2013ರ ಸೆಪ್ಟೆಂಬರ್‌ನಲ್ಲಿ ಸ್ಕಾಲರ್‌ಶಿಪ್ ಕಡಿತ ಸಡಿಲವಾಯಿತು. 2014ರ ಸೆಪ್ಟೆಂಬರ್ 8ರಂದು ಬೌಲ್ ನಿಷೇಧ ಹೋಯಿತು. ಷಾರ್ಲಟ್ಸ್‌ವಿಲ್‌ನ ಆ ಸಂಜೆಗೆ ಸರಿಯಾಗಿ ಎರಡು ವರ್ಷ. 2015ರ ಜನವರಿ 16ರಂದು ಕೋರ್ಟಿನ ಹೊರಗೆ ರಾಜಿಯಾಗಿ 112 ಗೆಲುವುಗಳೂ ವಾಪಸ್ ಬಂದವು. 298 ಮತ್ತೆ 409 ಆಯಿತು. ಉಳಿದದ್ದು ಹಣದ ದಂಡ ಒಂದೇ. 6 ಕೋಟಿಯಲ್ಲಿ 4.8 ಕೋಟಿ ರಾಜ್ಯದ ಮಕ್ಕಳ ರಕ್ಷಣಾ ನಿಧಿಗೆ, 1.2 ಕೋಟಿ ಅದೇ ವಿಷಯದ ಅಧ್ಯಯನಕ್ಕೆಂದು ವಿಶ್ವವಿದ್ಯಾಲಯದಲ್ಲೇ. ನನ್ನ ಲೆಕ್ಕದಲ್ಲಿ ಮೊದಲ ದಿನವೇ ಹಾಕಬೇಕಿದ್ದ ಶಿಕ್ಷೆ ಅದು. ಬಡಿದಾಡಿ ಕೊನೆಗೆ ಅಲ್ಲಿಗೇ ಬಂದು ನಿಂತರು.

ತಂಡ ಸಾಯಲಿಲ್ಲ ಅನ್ನುವುದನ್ನೂ ಬರೆಯಬೇಕು. ಹತ್ತು ವರ್ಷ ತಲೆ ಎತ್ತುವುದಿಲ್ಲ ಎಂದವರು ಎಷ್ಟೋ ಜನ. 2012ರಲ್ಲೇ, ಮೊದಲ ಎರಡು ಪಂದ್ಯ ಸೋತ ಮೇಲೂ, 12ರಲ್ಲಿ ಎಂಟು ಗೆದ್ದರು. ಮಂಡಿ ಮುರಿದುಕೊಂಡು ಹೊರಗೆ ಕೂತ ಮೌಟಿಯ 42ನೇ ಸಂಖ್ಯೆಯನ್ನು ಕೊನೆಯ ಪಂದ್ಯದಲ್ಲಿ ಎಲ್ಲರೂ ಹೆಲ್ಮೆಟ್ ಮೇಲೆ ಅಂಟಿಸಿಕೊಂಡಿದ್ದರು. ವಿಸ್ಕಾನ್ಸಿನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 24-21. ಗೆಲುವಿನ ಒದೆತ ಫಿಕನ್‌ನದ್ದು. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂನಲ್ಲಿ ಆ ತಂಡ ಬೌಲ್ ಪಂದ್ಯ ಆಡಿತು, 31-30 ಅಂತರದಲ್ಲಿ ಗೆದ್ದಿತು. ಕೊನೆಯ ಅಂಕವೂ ಅವನ ಕಾಲಿಂದಲೇ.

ಊರು ಬದಲಾಯಿತಾ? 2016ರ ಸೆಪ್ಟೆಂಬರ್‌ನಲ್ಲಿ ಪಟರ್ನೊ ಮುಖ್ಯ ಕೋಚ್ ಆಗಿ 50 ವರ್ಷ ಆಯಿತೆಂದು ಸ್ಟೇಡಿಯಂನಲ್ಲಿ ಅವರನ್ನು ನೆನೆದರು. ಕೆಲವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕೆಲವರು ಸಿಟ್ಟಾದರು. ಆಟಕ್ಕೆ ಪೆಟ್ಟು ಕೊಟ್ಟರೆ ಭಕ್ತಿ ಇಳಿಯುತ್ತದೆ ಎಂಬ ವಾದಕ್ಕೆ ನನಗೆ ಸಿಕ್ಕ ಉತ್ತರ ಇದು.

ಎನ್‌ಸಿಎಎ ಮಾತ್ರ ಕೈ ಸುಟ್ಟುಕೊಂಡು ಪಾಠ ಕಲಿತಿತ್ತು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯ ಲ್ಯಾರಿ ನಾಸರ್ ನೂರಾರು ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆಸಿದ ಪ್ರಕರಣದಲ್ಲಿ, 2018ರಲ್ಲಿ, ನಮ್ಮ ನಿಯಮ ಯಾವುದೂ ಮುರಿದಿಲ್ಲ ಎಂದು ಪಕ್ಕಕ್ಕೆ ಸರಿಯಿತು. ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದಲ್ಲಿ ಲೈಂಗಿಕ ದೌರ್ಜನ್ಯದ ದೂರುಗಳನ್ನು ವರದಿ ಮಾಡದೆ ಬಿಟ್ಟದ್ದರ ಬಗ್ಗೆಯೂ 2021ರಲ್ಲಿ ಅದೇ ಉತ್ತರ. ಒಂದು ಸಲ ಅಧಿಕಾರ ಇಲ್ಲದೆ ಹೊಡೆದರು, ಆಮೇಲೆ ಕೈ ಎತ್ತುವುದನ್ನೇ ಬಿಟ್ಟರು.

ಹೇಳಿದವನು, ಹೇಳದವರು

ಪೆನ್ಸಿಲ್ವೇನಿಯಾದ ಹಳೆಯ ಕಾನೂನಿನಲ್ಲಿ ಒಂದು ಸಡಿಲ ಜಾಗ ಇತ್ತು. ಸಂಸ್ಥೆಯ ನೌಕರನಿಗೆ ಮಕ್ಕಳ ಮೇಲಿನ ದೌರ್ಜನ್ಯ ಗೊತ್ತಾದರೆ ತನ್ನ ಮೇಲಿನವರಿಗೆ ಹೇಳಿದರೆ ಸಾಕು. ಮುಂದಿನದು ಮೇಲಿನವರ ಕೆಲಸ. 2001ರಲ್ಲಿ ನಡೆದದ್ದು ಅದೇ. ಮೆಕ್ವಿಯರಿ ಪಟರ್ನೊಗೆ, ಪಟರ್ನೊ ಕರ್ಲಿಗೆ, ಕರ್ಲಿ ಅಧ್ಯಕ್ಷರಿಗೆ. ಒಬ್ಬೊಬ್ಬರೂ ತಮ್ಮ ಮೇಜಿನ ಮೇಲಿದ್ದದ್ದನ್ನು ಮೇಲಿನ ಮೇಜಿಗೆ ದಾಟಿಸಿ ಕೈ ತೊಳೆದುಕೊಂಡರು. 2014ರಲ್ಲಿ ರಾಜ್ಯ ಇದನ್ನು ಬದಲಿಸಿತು. ಈಗ ಕಂಡವನೇ ನೇರ ರಾಜ್ಯದ ಸಹಾಯವಾಣಿಗೆ ತಿಳಿಸಬೇಕು, ಆಮೇಲೆ ಮೇಲಿನವರಿಗೆ. ಫುಟ್‌ಬಾಲ್ ಜಗಳದ ಗದ್ದಲದಲ್ಲಿ ಇದು ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ರಾತ್ರಿ ಪಾಳಿಯಲ್ಲಿ ಪೊರಕೆ ಹಿಡಿದವನಿಗೆ ಆರು ಕೋಟಿ ದಂಡಕ್ಕಿಂತ ಇದು ಹೆಚ್ಚು ಉಪಯೋಗ ಅಂತ ನನ್ನ ಅನಿಸಿಕೆ.

ವಿಶ್ವವಿದ್ಯಾಲಯ ಮೂವತ್ತಕ್ಕೂ ಹೆಚ್ಚು ಮಂದಿಗೆ ಒಟ್ಟು 10 ಕೋಟಿ ಡಾಲರಿಗೂ ಮೀರಿ ಪರಿಹಾರ ಕೊಟ್ಟಿತು. ಕಂಡದ್ದನ್ನು ಹೇಳಿದ ಮೆಕ್ವಿಯರಿ ಕೆಲಸ ಕಳೆದುಕೊಂಡ. ಕೋರ್ಟಿಗೆ ಹೋಗಿ 2016ರಲ್ಲಿ ಸುಮಾರು 1.2 ಕೋಟಿ ಡಾಲರಿನ ತೀರ್ಪು ಪಡೆದ.

ಮುಚ್ಚಿಟ್ಟವರ ಸರದಿ ಬಂದದ್ದು ಕೊನೆಗೆ. 2017ರ ಮಾರ್ಚ್‌ನಲ್ಲಿ ಕರ್ಲಿ ಮತ್ತು ಶುಲ್ಟ್ಸ್ ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ತಪ್ಪು ಒಪ್ಪಿಕೊಂಡರು. ಅದೇ ತಿಂಗಳು ಜ್ಯೂರಿ ಸ್ಪಾನಿಯರ್ ಅವರನ್ನು ಅಂಥದ್ದೇ ಒಂದು ಆರೋಪದಲ್ಲಿ ತಪ್ಪಿತಸ್ಥ ಎಂದಿತು. ಜೈಲಿನಲ್ಲಿ ಕಳೆಯಬೇಕಾದದ್ದು ಕರ್ಲಿ ಮೂರು ತಿಂಗಳು, ಉಳಿದಿಬ್ಬರು ಎರಡೆರಡು ತಿಂಗಳು. ಸ್ಪಾನಿಯರ್ ಮೇಲ್ಮನವಿ ಹಾಕುತ್ತಾ ಹೋದರು. ಒಂದು ಕೋರ್ಟು ಶಿಕ್ಷೆ ರದ್ದು ಮಾಡಿತು, ಇನ್ನೊಂದು ಮತ್ತೆ ಎತ್ತಿಹಿಡಿಯಿತು. ಕೊನೆಗೆ ಅವರು ಜಿಲ್ಲಾ ಜೈಲಿನ ಬಾಗಿಲು ದಾಟಿದ್ದು 2021ರ ಬೇಸಿಗೆಯಲ್ಲಿ. ಆ ಹೊತ್ತಿಗೆ ಫುಟ್‌ಬಾಲ್ ತಂಡದ ಹುಡುಗರ ಮೇಲಿನ ನಿಷೇಧ ಮುಗಿದು ಆರು ವರ್ಷ ದಾಟಿತ್ತು.